ಅನುಭವ ದೊಡ್ಡದೇ, ಆದರೆ ಓದು ಮೊದಲಾಗಲಿ

ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾದ ಬೆನ್ನಿಗೇ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಣೆಯ ಸಮಾರಂಭಗಳು ಸಾಲುಸಾಲಾಗಿ ಜರಗುತ್ತವೆ. ಮೆಡಿಕಲ್ ಸೀಟು ಸಿಕ್ಕಿದವರಿಗೆ ಶಾಲು, ಹೂಗುಚ್ಛ, ಚಪ್ಪಾಳೆ. ವಿಜ್ಞಾನ ಓದಿ, ಒಳ್ಳೆಯ ಅಂಕ ಪಡೆದೂ ಆ ಸೀಟು ಸಿಗದವರು ಮುಂದೇನು ಮಾಡಬೇಕೆಂದು ವೇದಿಕೆಯಿಂದ ಹೇಳುವವರು ಕಡಿಮೆ. ಅಂತಹ ಮಕ್ಕಳ ಮನೆಗಳಲ್ಲಿ ಈಗ ಕೇಳಿಬರುತ್ತಿರುವ ಒಂದು ಹೆಸರು ಫಿಸಿಶಿಯನ್ ಅಸಿಸ್ಟೆಂಟ್.

ಫಿಸಿಶಿಯನ್ ಅಸಿಸ್ಟೆಂಟ್ ಎಂದರೆ ಕಂಪೌಂಡರ್ ಅಲ್ಲ, ನರ್ಸ್ ಕೂಡ ಅಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ರೋಗಿಯ ವಿವರ ಕೇಳಿ ಬರೆದುಕೊಳ್ಳುವುದು, ದೇಹ ತಪಾಸಣೆ ಮಾಡುವುದು, ಪರೀಕ್ಷಾ ವರದಿಗಳ ಬೆನ್ನು ಹತ್ತುವುದು, ಶಸ್ತ್ರಚಿಕಿತ್ಸೆಯಲ್ಲಿ ಕೈಜೋಡಿಸುವುದು ಅವರ ಕೆಲಸ. ಭಾರತದಲ್ಲಿ ಈ ಶಿಕ್ಷಣಕ್ಕೆ 1992ರಲ್ಲಿ ಚೆನ್ನೈಯ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ನಾಂದಿ ಹಾಡಿದವರು ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್. ಕೇಂದ್ರ ಸರಕಾರ 2021ರಲ್ಲಿ ತಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯ ಪಟ್ಟಿಯಲ್ಲಿ ಈ ವೃತ್ತಿ ಫಿಸಿಶಿಯನ್ ಅಸೋಸಿಯೇಟ್ ಎಂಬ ಹೆಸರಿನಲ್ಲಿ ಸೇರಿದೆ.

ಸಯನ್, ಜಿಟಿಬಿ ನಗರ, ಧಾರಾವಿ ಪರಿಸರದ ಕನ್ನಡಿಗರಿಗೆ ಆಸ್ಪತ್ರೆಯೆಂಬುದು ಅಪರಿಚಿತ ಲೋಕವಲ್ಲ. ಸಯನ್ ಆಸ್ಪತ್ರೆಯೆಂದೇ ಹೆಸರಾದ ಲೋಕಮಾನ್ಯ ತಿಲಕ್ ಪಾಲಿಕೆ ಆಸ್ಪತ್ರೆ ಕಣ್ಣೆದುರಿಗಿದೆ. 1964ರಿಂದ ಅದಕ್ಕೆ ಹೊಂದಿಕೊಂಡು ಮೆಡಿಕಲ್ ಕಾಲೇಜೂ ಇದೆ. ಸುತ್ತಲೂ ನರ್ಸಿಂಗ್ ಹೋಮ್‌ಗಳು. ಆದ್ದರಿಂದಲೇ ಮನೆಯ ಹಿರಿಯರ ಸಲಹೆ ಹೀಗಿರುತ್ತದೆ: "ಮೊದಲು ಎರಡು ವರ್ಷ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡಲಿ, ಅನುಭವ ಆಗಲಿ, ಫೀಸಿಗೂ ನಾಲ್ಕು ಕಾಸು ಕೂಡಲಿ. ಕೋರ್ಸ್ ಆಮೇಲೆ ನೋಡೋಣ."

ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಊರಿನಿಂದ ಬರಿಗೈಯಲ್ಲಿ ಬಂದು, ಹಗಲಿಡೀ ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರ ಸಮಾಜವಿದು. ಡಾ. ಅಂಬೇಡ್ಕರ್ ಅವರು 1946ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜಿನ ಬೆಳಗ್ಗಿನ ತರಗತಿಗಳು ನೌಕರಿ ಮಾಡುವವರ ಪಾಲಿಗೆ ವರವಾಗಿದ್ದವು. ಸಂಜೆ ಕಾಲೇಜಿನಲ್ಲಿ ಬಿಕಾಂ ಮುಗಿಸಿ ಬ್ಯಾಂಕು, ವಿಮಾ ಕಚೇರಿ ಸೇರಿದವರು ಪ್ರತಿಯೊಂದು ಸಂಘದಲ್ಲೂ ಇದ್ದಾರೆ. ಹಗಲು ಬರೆದ ಲೆಜರ್ ಸಂಜೆಯ ಅಕೌಂಟೆನ್ಸಿ ಪಾಠಕ್ಕೆ ನೆರವಾಗುತ್ತಿತ್ತು. ದುಡಿಮೆ ಮತ್ತು ಓದು ಅಲ್ಲಿ ಜೋಡೆತ್ತಿನಂತೆ ಸಾಗಿದವು.

ಆದರೆ ಕಾಮರ್ಸಿನ ಈ ಲೆಕ್ಕ ಆರೋಗ್ಯ ವಿಜ್ಞಾನಕ್ಕೆ ಹೊಂದುವುದಿಲ್ಲ. ಬಿಎಸ್ಸಿ ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸಿಗೆ ಹನ್ನೆರಡನೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಹತ್ತು ವರ್ಷ ವಾರ್ಡಿನಲ್ಲಿ ದುಡಿದರೂ ಈ ಮೂರು ವಿಷಯಗಳ ಅಂಕಪಟ್ಟಿಯ ಜಾಗವನ್ನು ಅನುಭವ ಪತ್ರ ತುಂಬದು. ಸಾಮಾನ್ಯವಾಗಿ ನಾಲ್ಕು ವರ್ಷಗಳ ಈ ಶಿಕ್ಷಣದಲ್ಲಿ ಕೊನೆಯ ವರ್ಷ ಆಸ್ಪತ್ರೆಯಲ್ಲೇ ಇಂಟರ್ನ್‌ಶಿಪ್. ಅಂದರೆ ಬೇಕಾದ ಅನುಭವ ಕೋರ್ಸಿನ ಒಳಗೇ ದೊರೆಯುತ್ತದೆ. ಅದಕ್ಕಾಗಿ ಹೊರಗೆ ಎರಡು ವರ್ಷ ಕಾಯಬೇಕಾಗಿಲ್ಲ.

ಕಾಯುವುದರ ಬೆಲೆಯೂ ಚಿಕ್ಕದಲ್ಲ. ತಿಂಗಳ ಸಂಬಳ ಒಮ್ಮೆ ಮನೆಯ ಖರ್ಚಿಗೆ ಸೇರಿಹೋದರೆ ಅದನ್ನು ನಿಲ್ಲಿಸಿ ಕಾಲೇಜಿಗೆ ಹೋಗುವುದು ಕಷ್ಟ. ಓದಿದ್ದು ಮರೆಯುತ್ತದೆ. ಹೆಣ್ಣುಮಕ್ಕಳಾದರೆ ಅಷ್ಟರೊಳಗೆ ಸಂಬಂಧದ ಮಾತು ಶುರುವಾಗುತ್ತದೆ. ಎರಡು ವರ್ಷಕ್ಕೆಂದು ಕೌಂಟರಿನಲ್ಲಿ ಕುಳಿತ ಮಗಳು ಅಲ್ಲೇ ಉಳಿದುಬಿಡುತ್ತಾಳೆ.

ಹಾಗಾದರೆ ಅನುಭವಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಈ ವೃತ್ತಿ ಹುಟ್ಟಿದ್ದೇ ಅನುಭವಿಗಳಿಂದ. 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಮೊದಲ ತಂಡಕ್ಕೆ ಆರಿಸಿಕೊಂಡದ್ದು ನೌಕಾಪಡೆಯಲ್ಲಿ ಗಾಯಾಳುಗಳ ಸೇವೆ ಮಾಡಿ ಪಳಗಿದ್ದ ನಾಲ್ವರನ್ನು. ಆದರೆ ಅಷ್ಟು ಪಳಗಿದವರನ್ನೂ ಅವರು ನೇರವಾಗಿ ಕೆಲಸಕ್ಕೆ ಹಚ್ಚಲಿಲ್ಲ. ಎರಡು ವರ್ಷ ಪಾಠಕ್ಕೆ ಕೂರಿಸಿದರು. 1967ರಲ್ಲಿ ತೇರ್ಗಡೆಯಾಗಿ ಹೊರಬಂದವರು ಮೂವರು.

ಇಂದಿಗೂ ಅಮೆರಿಕದಲ್ಲಿ ಪ್ರವೇಶ ಬಯಸುವವರಿಗೆ ಎರಡೂ ಬೇಕು. ಅಲ್ಲಿ ಇದು ಪದವಿಯ ಅನಂತರದ ಮಾಸ್ಟರ್ಸ್ ಶಿಕ್ಷಣ. ಅಂಗರಚನಾಶಾಸ್ತ್ರ, ಶರೀರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರದಂತಹ ವಿಷಯಗಳಲ್ಲಿ ಒಳ್ಳೆಯ ಅಂಕ ಇರಬೇಕು. ನಾಲ್ಕರ ಮಾನದಂಡದಲ್ಲಿ ಮೂರಕ್ಕಿಂತ ಕೆಳಗಿದ್ದರೆ ಅನೇಕ ಕಡೆ ಅರ್ಜಿಯೇ ಮುಂದೆ ಹೋಗದು. ರೋಗಿಗಳೊಡನೆ ಕಳೆದ ಗಂಟೆಗಳನ್ನು ಕೆಲವು ಕಾಲೇಜುಗಳು ಐನೂರು, ಕೆಲವು ಸಾವಿರ, ಎರಡು ಸಾವಿರ ಎಂದು ಕೇಳುತ್ತವೆ. ರೋಗಿಯ ಆರೈಕೆಯ ನೇರ ಹೊಣೆ ಹೊತ್ತ ಗಂಟೆಗಳಿಗೆ ಅಲ್ಲಿ ಹೆಚ್ಚಿನ ಬೆಲೆ. ರಿಸೆಪ್ಶನ್, ಬಿಲ್ಲಿಂಗ್ ಕೆಲಸ ಬೇರೆ ಖಾತೆಗೆ ಹೋಗುತ್ತದೆ. ಇನ್ನೊಂದು ಮಾತನ್ನು ಪಾಲಕರು ನೆನಪಿಡಬೇಕು. ಭಾರತದಲ್ಲಿ ಪಡೆದ ಫಿಸಿಶಿಯನ್ ಅಸಿಸ್ಟೆಂಟ್ ಪದವಿಯಿಂದ ಅಮೆರಿಕದಲ್ಲಿ ಆ ವೃತ್ತಿ ನಡೆಸಲು ಬರುವುದಿಲ್ಲ. ಅಲ್ಲಿನ ಮಾನ್ಯತೆ ಪಡೆದ ಕಾಲೇಜಿನಲ್ಲಿ ಕಲಿತವರಿಗೆ ಮಾತ್ರ ಅಲ್ಲಿನ ಅರ್ಹತಾ ಪರೀಕ್ಷೆ. ವಿದೇಶದ ಆಸೆ ತೋರಿಸಿ ಸೀಟು ಮಾರುವವರ ಮಾತಿಗೆ ಮರುಳಾಗಬಾರದು.

ಓದು ಅಸಲು, ಅನುಭವ ಬಡ್ಡಿ. ಅಸಲೇ ಇಲ್ಲದ ಖಾತೆಗೆ ಬಡ್ಡಿ ಬೀಳುವುದಿಲ್ಲ. ಹನ್ನೆರಡನೆಯಲ್ಲಿ ಅರ್ಹ ಅಂಕ ಬಂದಿದ್ದರೆ ಕೋರ್ಸಿಗೆ ಸೇರುವುದೇ ಮೊದಲ ಹೆಜ್ಜೆಯಾಗಲಿ. ಅಂಕ ಸಾಲದವರು ಕೆಲಸಕ್ಕೆ ಸೇರಿದರೂ ಆ ವಿಷಯಗಳನ್ನು ಮತ್ತೊಮ್ಮೆ ಓದಿ ಬರೆಯಲಿ. ಮನೆಯ ಪರಿಸ್ಥಿತಿಯಿಂದ ದುಡಿಯಲೇಬೇಕಾದವರು ರೋಗಿಯ ಹತ್ತಿರದ ಕೆಲಸವನ್ನೇ ಆರಿಸಿಕೊಳ್ಳಲಿ. ಯಾವ ಕೆಲಸ, ಎಷ್ಟು ಗಂಟೆ ಎಂಬುದನ್ನು ಲೆಟರ್‌ಹೆಡ್‌ನಲ್ಲಿ ಬರೆಸಿ ಇಟ್ಟುಕೊಳ್ಳಲಿ. ಹಣದ ಅಡಚಣೆಗೆ ಶೈಕ್ಷಣಿಕ ಸಾಲವಿದೆ. 7.5 ಲಕ್ಷ ರೂ. ವರೆಗಿನ ಸಾಲಕ್ಕೆ ಆಸ್ತಿ ಅಡವಿಡದೆ ಖಾತರಿ ದೊರೆಯುವ ಸರಕಾರದ ಯೋಜನೆ 2015ರಿಂದ ಜಾರಿಯಲ್ಲಿದೆ. ಆದರೆ ಕೋರ್ಸಿಗೆ ಮಾನ್ಯತೆ ಇರಬೇಕು. ಆರು ತಿಂಗಳ ಸರ್ಟಿಫಿಕೇಟ್ ಕೊಡುವ ಜಾಹೀರಾತುಗಳನ್ನು ನಂಬುವ ಮೊದಲು ವಿಶ್ವವಿದ್ಯಾಲಯ ಯಾವುದೆಂದು ವಿಚಾರಿಸಬೇಕು.

ಸಂಘ-ಸಂಸ್ಥೆಗಳ ಹೊಣೆಯೂ ಇಲ್ಲಿದೆ. ಶಾಲು ಹೊದೆಸುವ ಖರ್ಚಿನಲ್ಲಿ ಒಂದು ಪಾಲನ್ನು ಮೊದಲ ವರ್ಷದ ಫೀಸಿನ ನಿಧಿಗೆ ತೆಗೆದಿಟ್ಟರೆ ಕೆಲವು ಮಕ್ಕಳಾದರೂ ಕೌಂಟರಿನಿಂದ ತರಗತಿಗೆ ಬರುತ್ತಾರೆ. ಸಮಾಜದ ವೈದ್ಯರು ರಜಾದಿನಗಳಲ್ಲಿ ಇಬ್ಬರು ಮೂವರು ವಿದ್ಯಾರ್ಥಿಗಳಿಗೆ ತಮ್ಮ ಆಸ್ಪತ್ರೆಯ ಕೆಲಸ ಹತ್ತಿರದಿಂದ ನೋಡುವ ಅವಕಾಶ ಕೊಟ್ಟರೆ ಈ ವೃತ್ತಿ ತಮಗೆ ಒಗ್ಗುವುದೇ ಎಂದು ಅವರಿಗೂ ತಿಳಿಯುತ್ತದೆ. ರಾತ್ರಿ ಶಾಲೆಗಳನ್ನು ಕಟ್ಟಿದ ಹಿರಿಯರು ಅಂದಿನ ಮಕ್ಕಳಿಗೆ ಬೇಕಾದುದನ್ನು ಕೊಟ್ಟರು. ಇಂದಿನ ಮಕ್ಕಳಿಗೆ ಬೇಕಾಗಿರುವುದು ಹಗಲಿನಲ್ಲಿ ನಿಶ್ಚಿಂತೆಯಿಂದ ಓದುವ ನಾಲ್ಕು ವರ್ಷ. ಪದಾಧಿಕಾರಿಗಳು ಈ ನಿಟ್ಟಿನಲ್ಲಿ ಮನಸ್ಸು ಮಾಡಲಿ.