ಮೊಬೈಲಿನ ಮಂದಗತಿ: ಮುಪ್ಪೋ, ಅಜೀರ್ಣವೋ?

ಊರು ಬಿಟ್ಟು ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲೆಸಿದ ಕನ್ನಡಿಗನಿಗೆ ಮೊಬೈಲು ಕೇವಲ ಯಂತ್ರವಲ್ಲ. ತಂಗಿಯ ಮದುವೆಯ ಚಿತ್ರ, ಮೊಮ್ಮಗುವಿನ ತೊದಲು, ಗತಿಸಿದ ಹಿರಿಯರ ಕೊನೆಯ ಮಾತು, ಎಲ್ಲವೂ ಅದರೊಳಗಿವೆ. ಅಂತಹ ಮೊಬೈಲು ಎರಡು-ಮೂರು ವರ್ಷಗಳಲ್ಲಿ ಮಂದವಾದರೆ, ಮುಪ್ಪು ಬಂದಿತೆಂದು ಬಗೆದು ಹೊಸದಕ್ಕೆ ಹಣ ತೆರುವವರು ಅನೇಕರು. ಇದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಎಷ್ಟೋ ವೇಳೆ ಅದಕ್ಕಾಗಿರುವುದು ಮುಪ್ಪಲ್ಲ, ಅಜೀರ್ಣ.

ಮೊಬೈಲಿನಲ್ಲಿ ನೆನಪು ಎರಡು ಬಗೆ. ರ್ಯಾಮ್ ಎಂಬುದು ಅಡುಗೆಕಟ್ಟೆಯಿದ್ದಂತೆ. ಆ ಹೊತ್ತಿನ ಕೆಲಸಕ್ಕೆ ಬೇಕಾದುದು ಅಲ್ಲಿರುತ್ತದೆ. ಸ್ಟೋರೇಜ್ ಎಂಬುದು ಉಗ್ರಾಣ. ಚಿತ್ರ, ವಿಡಿಯೊ, ಆ್ಯಪ್‌ಗಳೆಲ್ಲದರ ಕಾಯಂ ನೆಲೆ ಅದು. ಕಟ್ಟೆ ಕಿರಿದಾದರೆ ತೆಗೆದಿಟ್ಟುದನ್ನು ಮತ್ತೆ ಮತ್ತೆ ಉಗ್ರಾಣದಿಂದ ತರಬೇಕಾಗುತ್ತದೆ. ಆ ವಿಳಂಬವನ್ನೇ ನಾವು ಮಂದಗತಿಯೆನ್ನುವುದು.

ಉಗ್ರಾಣ ತುಂಬಿದಾಗಿನ ಸಂಕಟ ಇನ್ನೊಂದು ಬಗೆಯದು. ಅಲ್ಲಿ ಬಳಸುವ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದುದರ ಮೇಲೆಯೇ ಹೊಸದನ್ನು ಬರೆಯಲು ಬಾರದು. ಮೊದಲು ಒಂದು ದೊಡ್ಡ ಖಂಡವನ್ನೇ ಅಳಿಸಬೇಕು. ಆ ಖಂಡದಲ್ಲಿ ಉಳಿಯಬೇಕಾದುದಿದ್ದರೆ ಅದನ್ನು ಬೇರೆಡೆಗೆ ಸಾಗಿಸಬೇಕು. ತೆರವು ಜಾಗವಿದ್ದಾಗ ಈ ಕಾರ್ಯ ಸದ್ದಿಲ್ಲದೆ ನಡೆಯುತ್ತದೆ. ಜಾಗ ಮುಗಿಯುತ್ತ ಬಂದಂತೆ ಒಂದು ಚಿತ್ರವನ್ನು ಇಡುವುದೂ ಪ್ರಯಾಸವಾಗುತ್ತದೆ.

ಹೀಗಿರುವಾಗ ಜನ ಹಿಡಿದಿರುವ ಮದ್ದುಗಳಾವುವು? ಗಳಿಗೆಗೊಮ್ಮೆ ಎಲ್ಲ ಆ್ಯಪ್‌ಗಳನ್ನೂ ಸರಿಸಿ ಮುಚ್ಚುವುದು ಒಂದು. ಸಿಕ್ಕಿಕೊಂಡ ಆ್ಯಪನ್ನು ಮುಚ್ಚುವುದು ಸರಿಯೆ. ಉಳಿದವನ್ನು ಅಗತ್ಯ ಬಿದ್ದಾಗ ಮೊಬೈಲೇ ತೆಗೆದುಹಾಕುತ್ತದೆ. ಸುಮ್ಮನೆ ಮುಚ್ಚಿ ತೆರೆದರೆ ಪ್ರತಿಸಲವೂ ಒಲೆ ಹೊಸದಾಗಿ ಹೊತ್ತಿಸಿದಂತೆ. ಬ್ಯಾಟರಿ ಉಳಿಸಲು ಇದು ಅಗತ್ಯವಿಲ್ಲವೆಂದು ಆಪಲ್ ಸಂಸ್ಥೆಯ ತಂತ್ರಾಂಶ ವಿಭಾಗದ ಮುಖ್ಯಸ್ಥ ಕ್ರೇಗ್ ಫೆಡರಿಗಿ 2016ರಲ್ಲಿಯೇ ತಿಳಿಸಿದ್ದರು. ಇನ್ನು, '8 ಜಿಬಿಯ ಜೊತೆಗೆ ಮತ್ತೆ 8 ಜಿಬಿ' ಎಂಬ ಜಾಹೀರಾತಿಗೂ ಮರುಳಾಗಬೇಕಿಲ್ಲ. ಆ ಎರಡನೆಯ ಎಂಟು ಉಗ್ರಾಣದಿಂದಲೇ ಕಡ ತಂದ ಜಾಗ. ಅದರ ವೇಗ ನಿಜವಾದ ರ್ಯಾಮಿಗೆ ಎಂದಿಗೂ ಸಾಟಿಯಲ್ಲ.

ನಿಜವಾದ ಚಿಕಿತ್ಸೆ ಪಥ್ಯವೇ. ವಾಟ್ಸ್‌ಆ್ಯಪ್ಪಿನಲ್ಲಿ ಚಿತ್ರ, ವಿಡಿಯೊ ತಾವಾಗಿಯೇ ಇಳಿಯದಂತೆ ಮಾಡಬೇಕು. ಬಳಸದ ಆ್ಯಪ್‌ಗಳನ್ನು ತೆಗೆಯಬೇಕು. ಉಗ್ರಾಣದ ಹತ್ತರಲ್ಲಿ ಒಂದೆರಡು ಪಾಲನ್ನಾದರೂ ತೆರವಾಗಿಡುವುದು ಒಳಿತು. ಅಳಿಸುವ ಮೊದಲು ಅಮೂಲ್ಯವಾದುದನ್ನು ಎರಡು ಕಡೆ ನಕಲು ಮಾಡಿಟ್ಟುಕೊಳ್ಳುವುದು ವಿವೇಕ. ಇಷ್ಟಾದರೂ ಚೇತರಿಸದಿದ್ದರೆ, ಅಥವಾ ಸುರಕ್ಷತೆಯ ಅಪ್‌ಡೇಟ್‌ಗಳು ನಿಂತುಹೋಗಿದ್ದರೆ, ಆಗ ಹೊಸದನ್ನು ಕೊಳ್ಳುವುದು ನ್ಯಾಯವೇ.

ಸಂಗ್ರಹ ದೋಷವಲ್ಲ, ವಿವೇಚನೆಯಿಲ್ಲದ ಸಂಗ್ರಹ ದೋಷ. ನಿತ್ಯ ಬಂದು ಬೀಳುವ ಶುಭೋದಯದ ಚಿತ್ರಗಳಿಗೆ ಜಾಗ ಬಿಟ್ಟುಕೊಟ್ಟು, ಅವಸರದಲ್ಲಿ ಅಜ್ಜಿಯ ದನಿಯನ್ನು ಅಳಿಸಿಕೊಳ್ಳುವಂತಾಗಬಾರದು. ಹೊಸ ಮೊಬೈಲನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು. ಆ ದನಿಯನ್ನು ಕೊಳ್ಳಲಾಗದು.