ಅಡಿಕೆ ಧಾರಣೆ ಕಂಡವರಿಗೆ ಚಿಪ್ ಷೇರು ಹೊಸದಲ್ಲ

ಅಡಿಕೆ ಮಾರಿದ ದುಡ್ಡು ಕೈಗೆ ಬಂದ ದಿನ ಚನ್ನಗಿರಿ ಕಡೆಯ ನಮ್ಮ ಭಾವ ಫೋನ್ ಮಾಡಿದ್ದರು. "ನೀನು ಪೇಪರ್‌ನವನು, ಹೇಳು. ಅಮೆರಿಕದ ಚಿಪ್ ಕಂಪನಿ ಷೇರು ತಗೊಂಡ್ರೆ ಮೂರು ತಿಂಗಳಿಗೊಮ್ಮೆ ಡಿವಿಡೆಂಡ್ ಬರುತ್ತಂತೆ. ಮಗಳ ಕಾಲೇಜು ಫೀಸು ಅದರಲ್ಲೇ ಕಟ್ಟಬಹುದಾ?" ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ 'ಅಗ್ಗದ ಷೇರು'ಗಳ ಪಟ್ಟಿ ಅವರ ಹತ್ತಿರ ಇತ್ತು.

ಸುದ್ದಿಗೆ ಇಷ್ಟು ಅಂತ ಸಂಭಾವನೆ ಪಡೆಯುವವನು ನಾನು. ತಾನಾಗಿ ಬರುವ ದುಡ್ಡಿನ ಆಸೆ ನನಗೂ ಗೊತ್ತು. ಆದರೂ ಫೀಸಿನ ದುಡ್ಡು ಅಲ್ಲಿ ಹಾಕಬೇಡಿ ಅಂದೆ.

ಚಿಪ್ ವ್ಯವಹಾರ ಅಡಿಕೆಯ ಹಾಗೆಯೇ. ಧಾರಣೆ ಏರಿದಾಗ ನಮ್ಮಲ್ಲಿ ಭತ್ತದ ಗದ್ದೆಯೂ ತೋಟವಾಗುತ್ತದೆ. ಫಸಲು ಬರುವುದು ವರ್ಷಗಳ ನಂತರ, ಎಲ್ಲರದೂ ಒಟ್ಟಿಗೆ. 2021ರಲ್ಲಿ ಚಿಪ್‌ಗೆ ಅಭಾವ ಬಂದಾಗ ಕಂಪನಿಗಳು ಹೊಸ ಕಾರ್ಖಾನೆಗಳಿಗೆ ದುಡ್ಡು ಸುರಿದವು. 2023ರಲ್ಲಿ ಮೆಮೊರಿ ಚಿಪ್‌ನ ಬೆಲೆ ಕುಸಿದಿತ್ತು. ಮೈಕ್ರಾನ್ ಕಂಪನಿ 2022ರ ಹಣಕಾಸು ವರ್ಷದಲ್ಲಿ ಸುಮಾರು 870 ಕೋಟಿ ಡಾಲರ್ ಲಾಭ ತೋರಿಸಿತ್ತು. ಮರುವರ್ಷ ಸುಮಾರು 580 ಕೋಟಿ ಡಾಲರ್ ನಷ್ಟ.

'ಅಗ್ಗ' ಅನ್ನುವ ಮಾತು ಮೋಸ ಮಾಡುವುದು ಇಲ್ಲೇ. ಲಾಭ ತುದಿಗೇರಿದಾಗ ಷೇರಿನ ಬೆಲೆಯನ್ನು ಲಾಭದಿಂದ ಭಾಗಿಸಿ ನೋಡಿ, ಅಗ್ಗವಾಗಿಯೇ ಕಾಣುತ್ತದೆ. ಮರುವರ್ಷ ಆ ಲಾಭವೇ ಇರುವುದಿಲ್ಲ. ಒಂದು ವರ್ಷದ ಧಾರಣೆ ನೋಡಿ ತೋಟದ ಬೆಲೆ ಕಟ್ಟುತ್ತೇವೆಯೇ? ಹತ್ತು ವರ್ಷದ ಸರಾಸರಿ ನೋಡಬೇಕು.

ಇನ್ನು ಡಿವಿಡೆಂಡ್. ಅದು ಬ್ಯಾಂಕಿನ ಬಡ್ಡಿಯಲ್ಲ, ಕಂಪನಿ ಮನಸ್ಸು ಮಾಡಿದರೆ ಕೊಡುವುದು. ಇಂಟೆಲ್ 1992ರಿಂದ ಕೊಡುತ್ತಾ ಬಂದಿತ್ತು. 2023ರಲ್ಲಿ ತ್ರೈಮಾಸಿಕ ಡಿವಿಡೆಂಡನ್ನು ಷೇರಿಗೆ 36.5 ಸೆಂಟ್‌ನಿಂದ 12.5 ಸೆಂಟ್‌ಗೆ ಇಳಿಸಿತು. 2024ರ ಕೊನೆಯ ತ್ರೈಮಾಸಿಕದಿಂದ ಅದನ್ನೂ ನಿಲ್ಲಿಸಿತು.

ಒಳ್ಳೆಯ ಉದಾಹರಣೆಯೂ ಇದೆ. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎರಡು ದಶಕ ಪ್ರತಿವರ್ಷ ಡಿವಿಡೆಂಡ್ ಏರಿಸಿದೆ. ಕಾರು, ಕಾರ್ಖಾನೆಗಳಿಗೆ ಬೇಕಾಗುವ ಅದರ ಚಿಪ್‌ಗಳು ವರ್ಷಗಟ್ಟಲೆ ಮಾರಾಟವಾಗುತ್ತವೆ. ಆದರೂ 2024ರಲ್ಲಿ ಖರ್ಚು, ಹೊಸ ಕಾರ್ಖಾನೆಗಳ ಹೂಡಿಕೆ ಕಳೆದು ಉಳಿದ ನಗದು ಸುಮಾರು 150 ಕೋಟಿ ಡಾಲರ್. ಹಂಚಿದ ಡಿವಿಡೆಂಡ್ ಸುಮಾರು 480 ಕೋಟಿ. ಈ ಲೆಕ್ಕ ಎಷ್ಟು ವರ್ಷ ನಡೆಯುತ್ತದೆ ಅಂತ ಕೇಳದೆ ಷೇರು ಕೊಳ್ಳಬಾರದು. ಜೊತೆಗೆ ಆ ಡಿವಿಡೆಂಡ್‌ನಲ್ಲಿ ಶೇ 25ರಷ್ಟನ್ನು ಅಮೆರಿಕ ಮೊದಲೇ ಹಿಡಿದುಕೊಳ್ಳುತ್ತದೆ. ಇಲ್ಲಿನ ತೆರಿಗೆಯಲ್ಲಿ ಅದನ್ನು ಸರಿಹೊಂದಿಸಿಕೊಳ್ಳಲು ಬೇರೆ ಅರ್ಜಿ ತುಂಬಬೇಕು.

ಚಿಪ್ ಷೇರೇ ಬೇಡ ಅನ್ನುವುದು ನನ್ನ ವಾದವಲ್ಲ. ಹತ್ತು ವರ್ಷ ಮುಟ್ಟದೆ ಇಡಬಲ್ಲ ದುಡ್ಡಿದ್ದರೆ, ಎಲ್ಲರೂ ಬೇಡವೆಂದು ಬಿಟ್ಟ ವರ್ಷದಲ್ಲಿ ಕೊಳ್ಳುವ ಧೈರ್ಯವಿದ್ದರೆ ಸರಿ. ಜೂನ್‌ನಲ್ಲಿ ಕಟ್ಟಬೇಕಾದ ಫೀಸಿಗೆ ಅದು ಜಾಗವಲ್ಲ.

ಭಾವ ಎಲ್ಲಾ ಕೇಳಿ, "ಹಂಗಾದ್ರೆ ಇದೂ ಅಡಿಕೇನೇ ಅನ್ನು" ಅಂದರು. ಫೀಸಿನ ದುಡ್ಡು ಸದ್ಯ ಬ್ಯಾಂಕಿನಲ್ಲಿದೆ.