ಬೂಷ್ಟು ತೊಳೆದರೆ ವಿಷ ಹೋದೀತೇ?

ಪುಣೆಯ ಪಶು ಆಹಾರ ಪ್ರಯೋಗಾಲಯವೊಂದರಲ್ಲಿ ಗೋವಿನಜೋಳ ಪರೀಕ್ಷಿಸುವುದು ನನ್ನ ಕೆಲಸ. ಬೂಷ್ಟಿನ ವಿಷ ಮಿತಿ ಮೀರಿದ್ದರೆ ಲಾರಿ ವಾಪಸ್. ಮೊನ್ನೆ ಹಾವೇರಿ ಕಡೆಯ ನಮ್ಮೂರಿಂದ ಅಪ್ಪ ಫೋನ್ ಮಾಡಿದ್ದರು: ‘ಮಳಿಗೆ ತೆನಿ ತೊಯ್ದು ಬೂಷ್ಟು ಹಿಡದೈತಿ. ತೊಳದು, ಒಣಗಿಸಿ ಬೀಸಿಸಿದ್ರ ರೊಟ್ಟಿಗೆ ಏನಾಗ್ತೈತಿ?’

ಆಗುತ್ತದೆ. 1995ರಲ್ಲಿ ಕರ್ನಾಟಕ, ಆಂಧ್ರದ ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಜೋಳ, ಗೋವಿನಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯಿತು. ಸಮೀಕ್ಷೆ ನಡೆದ 50 ಹಳ್ಳಿಗಳ ಪೈಕಿ 27ರಲ್ಲಿ ಈ ಕಾಯಿಲೆಯಿತ್ತು. ಕಾಳಿನಲ್ಲಿ ಸಿಕ್ಕಿದ್ದು ಫ್ಯೂಸೇರಿಯಂ ಶಿಲೀಂಧ್ರದ ಫ್ಯುಮೊನಿಸಿನ್ ವಿಷ. ಅದೇ ಕಾಳು ತಿನ್ನಿಸಿದ ಕೋಳಿಮರಿಗಳಿಗೂ ಭೇದಿಯಾಯಿತು.

ಜೀವಕೋಶದ ಪೊರೆಗೆ ಬೇಕಾದ ಒಂದು ಬಗೆಯ ಕೊಬ್ಬನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಆ ಕೆಲಸ ಮಾಡುವ ಕಿಣ್ವವನ್ನೇ ಫ್ಯುಮೊನಿಸಿನ್ ತಡೆಯುತ್ತದೆ. ಅರೆಬರೆ ತಯಾರಾದ ವಸ್ತು ಕೋಶದಲ್ಲಿ ಕೂಡಿಕೊಳ್ಳುತ್ತದೆ. ಪ್ರಾಣಿಗಳಲ್ಲಿ ಇದರಿಂದ ಪಿತ್ತಜನಕಾಂಗ, ಮೂತ್ರಪಿಂಡ ಕೆಡುವುದು ಕಂಡಿದೆ. ತೊಳೆದರೆ ವಿಷ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗದು. ಹಂಚಿನ ಕಾವಿಗೆ ಬೂಷ್ಟು ಸತ್ತರೂ ವಿಷ ಉಳಿಯುತ್ತದೆ.

‘ತಿಪ್ಪೆಗೆ ಸುರಿಯಿರಿ’ ಎನ್ನುವುದು ಪುಣೆಯಲ್ಲಿ ಕುಳಿತ ನನಗೆ ಸುಲಭ. ಅದು ಅಪ್ಪನ ಇಡೀ ಹಂಗಾಮಿನ ದುಡಿಮೆ. ಕೋಳಿ ಮೇವಿಗಿರುವ ಪರೀಕ್ಷೆ ರೈತನ ಮನೆಯ ರೊಟ್ಟಿಗಿಲ್ಲ. ಬೆಂಬಲ ಬೆಲೆಯಷ್ಟೇ ಸಾಲದು. ಕೊಯ್ದ ಕಾಳು ಬೇಗ ಒಣಗಬೇಕು. ಪ್ರತಿ ಹೋಬಳಿಗೂ ಸರ್ಕಾರ ಒಣಗಿಸುವ ಯಂತ್ರ, ತೇವಾಂಶ ಅಳೆಯುವ ಮೀಟರ್ ಕೊಡಲಿ.

ಅಪ್ಪನಿಗೆ ಹೇಳಿದೆ: ‘ಅದು ಬ್ಯಾಡಪ್ಪಾ. ರೊಟ್ಟಿಗೆ ಬ್ಯಾರೆ ಜ್ವಾಳ ತಗೊಳ್ರಿ, ರೊಕ್ಕ ನಾ ಕಳಸ್ತೀನಿ.’

ರೊಕ್ಕ ಕಳಿಸುವ ಮಗನಿಲ್ಲದ ಮನೆಯವರು ಏನು ತಿನ್ನಬೇಕು?